ದೇವರನ್ನು ನಂಬದವರು ಕಟ್ಟಿದ ಧರ್ಮದ ರಾಜಕಾರಣ

2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಗಣತಿದಾರರು ಮನೆ ಬಾಗಿಲಿಗೆ ಬರುವ ಮೊದಲೇ ಜಗಳ ಬಂದಿತ್ತು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು? ಹಿಂದೂ ಅಂತಲಾ, ಲಿಂಗಾಯತ ಅಂತಲಾ, ವೀರಶೈವ-ಲಿಂಗಾಯತ ಅಂತಲಾ? ಮಠಾಧೀಶರಲ್ಲೇ ಒಮ್ಮತ ಇರಲಿಲ್ಲ. ಪಕ್ಷಗಳು ತಮ್ಮ ತಮ್ಮ ಲೆಕ್ಕ ಹಾಕುತ್ತಿದ್ದವು. ಅಷ್ಟೆಲ್ಲ ಮಾತಿನ ನಡುವೆ ಒಂದು ಪ್ರಶ್ನೆ ಮಾತ್ರ ಎದ್ದಿದ್ದನ್ನು ನಾನು ಕೇಳಲಿಲ್ಲ. ನೀವು ದೇವರನ್ನು ನಂಬುತ್ತೀರಾ? ದಿನಾ ಇಷ್ಟಲಿಂಗ ಪೂಜೆ ಮಾಡುತ್ತೀರಾ?

ಕೇಳದೇ ಇದ್ದದ್ದು ಸಹಜವೇ. ಆ ಕಾಲಂ ಇರುವುದು ಯಾರು ಯಾವ ಗುಂಪಿನವರು ಅಂತ ಎಣಿಸುವುದಕ್ಕೆ. ನಮ್ಮ ಕಾನೂನು ಕೂಡ ಹಾಗೇ ನೋಡುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಹಿಂದೂ ತಂದೆತಾಯಿಗೆ ಹುಟ್ಟಿದ ಮಗುವನ್ನು ಹಿಂದೂ ಎಂದೇ ಲೆಕ್ಕ ಹಿಡಿಯುತ್ತದೆ. ದೊಡ್ಡವನಾದ ಮೇಲೆ ಅವನು ದೇವರೇ ಇಲ್ಲ ಅಂದರೂ ಕಾಯ್ದೆಗೆ ಅವನು ಹಿಂದೂವೇ. 2011ರ ಜನಗಣತಿಯಲ್ಲಿ ಧರ್ಮ ಹೇಳದೆ ಬಿಟ್ಟವರು ಸುಮಾರು 28.7 ಲಕ್ಷ. ದೇಶದ ಜನಸಂಖ್ಯೆಯಲ್ಲಿ ಶೇ 0.24ರಷ್ಟು ಮಾತ್ರ. ದೇವರನ್ನು ನಂಬದವರು ಇಷ್ಟೇ ಇದ್ದಾರೆ ಅಂತ ಇದರ ಅರ್ಥವಲ್ಲ. ನಂಬದವರೂ ಹುಟ್ಟಿದ ಮನೆಯ ಧರ್ಮವನ್ನೇ ಬರೆಸುತ್ತಾರೆ.

ಧರ್ಮ, ಭೌತಿಕವಾದ (ಕಣ್ಣೆದುರಿನ ಈ ಲೋಕವೇ ನಿಜ, ದೇವರು ಪರಲೋಕ ಇಲ್ಲ ಎಂಬ ವಿಚಾರ), ರಾಷ್ಟ್ರವಾದ ಈ ಮೂರರ ಬಗ್ಗೆ ನಮ್ಮಲ್ಲಿ ನಡೆಯುವ ವಾದಗಳು ಸಾಮಾನ್ಯವಾಗಿ ಇಲ್ಲಿಯೇ ದಾರಿ ತಪ್ಪುತ್ತವೆ. ಭಕ್ತಿ ಜಾಸ್ತಿ ಇರುವವರು ಧರ್ಮದ ರಾಷ್ಟ್ರವಾದದ ಕಡೆ, ವಿಚಾರವಾದಿಗಳು ಅದರ ವಿರುದ್ಧ ಅಂತ ಎರಡೂ ಕಡೆಯವರು ಅಂದುಕೊಂಡುಬಿಟ್ಟಿದ್ದಾರೆ. ಚರಿತ್ರೆ ತೆಗೆದು ನೋಡಿದರೆ ಈ ಗೆರೆ ನಿಲ್ಲುವುದಿಲ್ಲ. ಧರ್ಮದ ಹೆಸರಿನ ರಾಷ್ಟ್ರವಾದಕ್ಕೆ ಅಡಿಪಾಯ ಹಾಕಿದ ಹಲವರಿಗೆ ದೇವರ ಗೊಡವೆಯೇ ಇರಲಿಲ್ಲ. ಅದನ್ನು ಎದುರಿಸಿ ನಿಂತವರಲ್ಲಿ ಕೆಲವರು ಐದು ಹೊತ್ತು ನಮಾಜು ಮಾಡುವವರು, ಮೂರು ಹೊತ್ತೂ ರಾಮನಾಮ ಹೇಳುವವರು.

ವಿನಾಯಕ ದಾಮೋದರ ಸಾವರ್ಕರ್ ಅವರಿಂದಲೇ ಶುರು ಮಾಡೋಣ. 1923ರಲ್ಲಿ ಅವರು ಹಿಂದುತ್ವದ ಬಗ್ಗೆ ಬರೆದ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಹಿಂದೂ ಯಾರು ಎಂಬ ಪ್ರಶ್ನೆಗೆ ಒಂದು ಉತ್ತರ ಇದೆ. ಸಿಂಧುವಿನಿಂದ ಸಮುದ್ರದ ತನಕ ಇರುವ ಈ ನೆಲ ಯಾರಿಗೆ ಪಿತೃಭೂಮಿಯೂ ಹೌದು, ಪುಣ್ಯಭೂಮಿಯೂ ಹೌದೋ ಅವನು ಹಿಂದೂ. ಈ ಉತ್ತರದಲ್ಲಿ ದೇವರಿಲ್ಲ. ವೇದ ಒಪ್ಪಬೇಕು ಅನ್ನುವ ಷರತ್ತಿಲ್ಲ, ಪೂಜೆ ಇಲ್ಲ, ಮೋಕ್ಷ ಇಲ್ಲ. ವೇದ ಒಪ್ಪದ ಜೈನ, ಬೌದ್ಧರು ಒಳಗೆ ಬರುತ್ತಾರೆ. ದೇವರನ್ನೇ ಒಪ್ಪದವನೂ ಬರಬಹುದು. ಇಲ್ಲೇ ಹುಟ್ಟಿ ತಲೆತಲಾಂತರದಿಂದ ಇಲ್ಲೇ ಉತ್ತು ಬಿತ್ತಿದ ಮುಸ್ಲಿಮ್ ಅಥವಾ ಕ್ರೈಸ್ತ ಮಾತ್ರ ಹೊರಗೆ ಉಳಿಯುತ್ತಾನೆ. ಯಾಕಂದರೆ ಅವನ ಪುಣ್ಯಭೂಮಿ ಬೇರೆ ಕಡೆ ಇದೆ. ಹಿಂದೂ ಧರ್ಮ ಎಂಬುದು ಹಿಂದುತ್ವದ ಒಂದು ಭಾಗ ಮಾತ್ರ ಅಂತ ಅವರು ಅದೇ ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ.

ಅವರ ಬದುಕೂ ಇದಕ್ಕೆ ಸರಿಯಾಗಿಯೇ ಇತ್ತು. 1924ರಿಂದ 1937ರ ತನಕ ಬ್ರಿಟಿಷ್ ಸರ್ಕಾರ ಅವರನ್ನು ರತ್ನಾಗಿರಿ ಜಿಲ್ಲೆ ಬಿಟ್ಟು ಹೋಗದಂತೆ ಇಟ್ಟಿತ್ತು. ಆಗ ಅವರು ಮರಾಠಿಯಲ್ಲಿ ಸಾಲು ಸಾಲು ಲೇಖನ ಬರೆದರು. ಪಂಚಾಂಗ, ಶಾಸ್ತ್ರ, ಜಾತಿ ಎಲ್ಲವನ್ನೂ ತರಾಟೆಗೆ ತೆಗೆದುಕೊಂಡರು. ಗೋವು ಉಪಯೋಗಕ್ಕೆ ಬರುವ ಪ್ರಾಣಿ, ಅದನ್ನು ಸಾಕಿ, ಪೂಜಿಸಬೇಡಿ, ಅದು ತಾಯಿ ಆಗುವುದಿದ್ದರೆ ಎತ್ತಿಗೆ ಮಾತ್ರ ಅನ್ನುವ ಅರ್ಥದ ಮಾತು ಅವರದ್ದು. 1931ರಲ್ಲಿ ರತ್ನಾಗಿರಿಯಲ್ಲಿ ಎಲ್ಲ ಜಾತಿಯವರಿಗೂ ಬಾಗಿಲು ತೆರೆದ ಪತಿತ ಪಾವನ ಮಂದಿರ ಶುರುವಾದದ್ದು ಅವರ ಪ್ರಯತ್ನದಿಂದ. 1963ರಲ್ಲಿ ಹೆಂಡತಿ ತೀರಿಕೊಂಡಾಗ ಉತ್ತರಕ್ರಿಯೆ ಮಾಡಲಿಲ್ಲ. 1966ರ ಫೆಬ್ರವರಿ 26ರಂದು ತಾವು ತೀರಿಕೊಂಡಾಗಲೂ ಅಷ್ಟೇ. ತಿಥಿ, ಶ್ರಾದ್ಧ ಬೇಡ, ವಿದ್ಯುತ್ ಚಿತಾಗಾರದಲ್ಲಿ ಸುಡಿ ಅಂತ ಬರೆದಿಟ್ಟಿದ್ದರು. ಅವರನ್ನು ನಾಸ್ತಿಕ ಅನ್ನಬೇಕೋ, ದೇವರ ವಿಚಾರ ಗೊತ್ತಾಗುವುದಿಲ್ಲ ಅಂತ ಬಿಟ್ಟವರು ಅನ್ನಬೇಕೋ ಎಂದು ವಿದ್ವಾಂಸರು ಚರ್ಚೆ ಮಾಡುತ್ತಾರೆ. ಭಕ್ತರು ಅಂತೂ ಅಲ್ಲ.

ಅವರ ವಿಚಾರವಾದವೂ ರಾಷ್ಟ್ರವಾದವೂ ಒಂದಕ್ಕೊಂದು ಅಡ್ಡ ಬರಲಿಲ್ಲ. ಒಂದು ಇನ್ನೊಂದರ ಕೆಲಸ ಮಾಡಿತು. ಜಾತಿ ಯಾಕೆ ಹೋಗಬೇಕು? ಅದು ಹಿಂದೂಗಳನ್ನು ಒಡೆಯುತ್ತದೆ. ಮೂಢನಂಬಿಕೆ ಯಾಕೆ ಬಿಡಬೇಕು? ಅದು ದೇಶವನ್ನು ದುರ್ಬಲ ಮಾಡುತ್ತದೆ. ಯಂತ್ರ, ವಿಜ್ಞಾನ, ಬಂದೂಕು ಯಾಕೆ ಬೇಕು? ಬಲಕ್ಕೆ. ಅವರ ಎಲ್ಲ ಪ್ರಶ್ನೆಗಳೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಈ ಬಲದ ಲೆಕ್ಕದಲ್ಲಿಯೇ. ಭೌತಿಕವಾದಿಯಾದರೆ ಸಾಕು, ಮನುಷ್ಯ ತಾನಾಗಿಯೇ ಉದಾರಿ ಆಗುತ್ತಾನೆ ಎಂದು ನಂಬುವವರು ಸಾವರ್ಕರ್ ಬರಹಗಳನ್ನು ಒಮ್ಮೆ ಓದಬೇಕು.

ಗಡಿಯ ಆ ಕಡೆಯ ಕಥೆಯೂ ಹೀಗೇ ಇದೆ. ಮಹಮ್ಮದ್ ಅಲಿ ಜಿನ್ನಾ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಿದವರು, ಸೂಟು ಬೂಟಿನ ವಕೀಲರು. ಧರ್ಮದ ಆಚರಣೆಗಳಲ್ಲಿ ಅವರಿಗೆ ಆಸಕ್ತಿ ಕಡಿಮೆ. ಸುನ್ನಿ ಮುಸ್ಲಿಮರ ಧಾರ್ಮಿಕ ಮುಖ್ಯಸ್ಥರಾದ ಟರ್ಕಿಯ ಖಲೀಫರ ಪೀಠ ಉಳಿಸಲು ನಡೆದ ಖಿಲಾಫತ್ ಚಳವಳಿಯನ್ನು ಗಾಂಧಿ ಬೆಂಬಲಿಸಿದಾಗ ರಾಜಕೀಯದಲ್ಲಿ ಧರ್ಮ ಬೆರೆಸಬೇಡಿ ಅಂತ ಆಕ್ಷೇಪ ಎತ್ತಿದವರು ಇದೇ ಜಿನ್ನಾ. 1940ರಲ್ಲಿ ಲಾಹೋರ್‌ನಲ್ಲಿ ಹಿಂದೂಗಳು, ಮುಸ್ಲಿಮರು ಎರಡು ಬೇರೆ ರಾಷ್ಟ್ರಗಳು ಅಂತ ಸಾರಿದವರೂ ಅವರೇ. ಆಗ ಅವರನ್ನು ವಿರೋಧಿಸಿದವರು ಯಾರು? ದೇವಬಂದ್‌ನ ಇಸ್ಲಾಮಿಕ್ ವಿದ್ಯಾಪೀಠ ದಾರುಲ್ ಉಲೂಮ್‌ನಲ್ಲಿ ಮುಖ್ಯ ಅಧ್ಯಾಪಕರಾಗಿದ್ದ ಮೌಲಾನಾ ಹುಸೇನ್ ಅಹ್ಮದ್ ಮದನಿ. ಬ್ರಿಟಿಷರಿಂದ ಮಾಲ್ಟಾದಲ್ಲಿ ಸೆರೆವಾಸ ಅನುಭವಿಸಿ ಬಂದ ಧರ್ಮಗುರು. ರಾಷ್ಟ್ರ ಆಗುವುದು ನೆಲದಿಂದ, ಧರ್ಮದಿಂದಲ್ಲ. ಹಿಂದೂ ಮುಸ್ಲಿಮರು ಸೇರಿ ಒಂದೇ ರಾಷ್ಟ್ರ ಅಂತ 1938ರಲ್ಲಿ ಕುರಾನಿನ ಆಧಾರ ಕೊಟ್ಟು ವಾದಿಸಿದರು. ಮೌಲಾನಾ ಆಜಾದ್ ಕೂಡ ಕುರಾನಿಗೆ ವ್ಯಾಖ್ಯಾನ ಬರೆದ ಪಂಡಿತರು. ಅವರೂ ಕೊನೆಯ ತನಕ ವಿಭಜನೆಗೆ ವಿರೋಧವಾಗಿಯೇ ಇದ್ದರು.

ಗಾಂಧಿಯ ವಿಚಾರ ಎಲ್ಲರಿಗೂ ಗೊತ್ತಿರುವುದೇ. ತಾನು ಸನಾತನಿ ಹಿಂದೂ ಅಂತ ಹೇಳಿಕೊಂಡವರು. ಆದರೆ ಅವರ ಸೇವಾಗ್ರಾಮಕ್ಕೆ ಬಂದಿದ್ದ ಒಬ್ಬ ನಾಸ್ತಿಕರ ಕಥೆ ಅಷ್ಟು ಜನರಿಗೆ ಗೊತ್ತಿಲ್ಲ. ಆಂಧ್ರದ ಗೋಪರಾಜು ರಾಮಚಂದ್ರ ರಾವ್, ಜನ ಕರೆಯುತ್ತಿದ್ದದ್ದು ಗೋರಾ ಅಂತ. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದವರು. ಅಸ್ಪೃಶ್ಯತೆ ಹೋಗಬೇಕಾದರೆ ದೇವರ ಕಲ್ಪನೆಯೇ ಹೋಗಬೇಕು ಎಂಬುದು ಅವರ ವಾದ. ಗಾಂಧಿ ಒಪ್ಪಲಿಲ್ಲ. ಹಾಗಂತ ಹೊರಗೂ ಹಾಕಲಿಲ್ಲ. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ಹೊರಟಾಗ ಮದುವೆ ಸೇವಾಗ್ರಾಮದಲ್ಲೇ ಆಗಲಿ ಅಂದರು ಗಾಂಧಿ. ಮದುವೆಯ ಮಾತುಗಳಲ್ಲಿ ದೇವರ ಹೆಸರಿನ ಜಾಗದಲ್ಲಿ ಸತ್ಯ ಅಂತ ಹೇಳಲಿ ಎಂದೂ ಒಪ್ಪಿದರು. 1948ರ ಜನವರಿ 30ರಂದು ಗಾಂಧಿಯ ಕೊಲೆಯಾಯಿತು. ಮಾರ್ಚ್‌ನಲ್ಲಿ ಆ ಮದುವೆ ಸೇವಾಗ್ರಾಮದಲ್ಲಿಯೇ ನಡೆಯಿತು. ದೇವರಿದ್ದಾನೆ ಅನ್ನುವವರು, ಇಲ್ಲ ಅನ್ನುವವರು ಒಂದೇ ಚಪ್ಪರದ ಕೆಳಗೆ ಕೂರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರಿಬ್ಬರನ್ನೂ ಸೇರಿಸಿದ್ದು ಜಾತಿಯ ಪ್ರಶ್ನೆ.

ಇದು ಭಾರತದ್ದಷ್ಟೇ ಕಥೆಯಲ್ಲ. ನಂಬಿಕೆ ಬಿಟ್ಟು ಬರೀ ಹೆಸರನ್ನು ಎಣಿಸಿದರೆ ಏನಾಗುತ್ತದೆ ಎಂಬುದನ್ನು ತುಂಬ ಸ್ಪಷ್ಟವಾಗಿ ತೋರಿಸುವುದು ಟರ್ಕಿ ಮತ್ತು ಗ್ರೀಸ್. 1923ರ ಜನವರಿ 30ರಂದು ಲೌಸಾನ್‌ನಲ್ಲಿ ಎರಡೂ ಕಡೆಯವರು ಜನರನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ಟರ್ಕಿಯಲ್ಲಿರುವ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನಲ್ಲಿರುವ ಮುಸ್ಲಿಮರು ಟರ್ಕಿಗೆ. ಇಷ್ಟ ಇದೆಯಾ ಅಂತ ಕೇಳುವ ಹಾಗಿಲ್ಲ, ಕಡ್ಡಾಯ. ಇಸ್ತಾಂಬುಲ್‌ನ ಗ್ರೀಕರು, ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೆ ಮಾತ್ರ ವಿನಾಯಿತಿ. ಯುದ್ಧದ ವೇಳೆ ಮೊದಲೇ ಓಡಿಹೋಗಿದ್ದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು, ಸುಮಾರು 4 ಲಕ್ಷ ಮುಸ್ಲಿಮರು ಊರು ಕಳೆದುಕೊಂಡರು.

ಟರ್ಕಿಯ ಪರವಾಗಿ ಇದನ್ನು ಮಾಡಿದವರು ಮುಲ್ಲಾಗಳಲ್ಲ. ಮುಸ್ತಫಾ ಕೆಮಾಲ್ ಅವರ ಸರ್ಕಾರ. 1924ರ ಮಾರ್ಚ್ 3ರಂದು ಖಲೀಫರ ಪೀಠವನ್ನೇ ತೆಗೆದುಹಾಕಿದ, ಆಮೇಲೆ ಶರಿಯತ್ ಬದಿಗಿಟ್ಟು ಸ್ವಿಸ್ ಕಾನೂನು ತಂದ ಸರ್ಕಾರ. ಧರ್ಮವನ್ನು ರಾಜ್ಯದಿಂದ ಹೊರಗಿಡಬೇಕು ಅಂದ ಅದೇ ಜನ ಯಾರು ತುರ್ಕಿ ಅಂತ ತೀರ್ಮಾನಿಸಲು ಬಳಸಿದ ಅಳತೆಗೋಲು ಮಾತ್ರ ಧರ್ಮ.

ಅದರಿಂದ ಆದದ್ದನ್ನು ನೋಡಿ. ಟರ್ಕಿಯ ಅನಾತೋಲಿಯಾದ ನಡುಭಾಗದಲ್ಲಿ, ಕಪ್ಪದೋಕಿಯಾ ಕಡೆ, ಕರಮಾನ್ಲಿ ಎಂಬ ಕ್ರೈಸ್ತರಿದ್ದರು. ಅವರ ಮನೆಮಾತು ತುರ್ಕಿ. ಗ್ರೀಕ್ ಅಕ್ಷರಗಳಲ್ಲಿ ತುರ್ಕಿ ಭಾಷೆ ಬರೆಯುತ್ತಿದ್ದರು. ಚರ್ಚಿನ ಕಲ್ಲುಗಳ ಮೇಲೆ ಕೆತ್ತಿಸಿದ್ದೂ ತುರ್ಕಿಯನ್ನೇ. ಅವರನ್ನು ಗ್ರೀಕರು ಅಂತ ಹಡಗು ಹತ್ತಿಸಿದರು. ಗ್ರೀಸಿನಲ್ಲಿ ಇಳಿದಾಗ ಅಲ್ಲಿನ ಮಾತು ಅವರಿಗೆ ಬರುತ್ತಿರಲಿಲ್ಲ. ಅಲ್ಲಿನವರು ತುರ್ಕಿಯ ಬೀಜ ಅಂತ ಬೈದರು. ಈ ಕಡೆ ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್. ಅವರನ್ನು ತುರ್ಕಿಗಳು ಅಂತ ಕರೆತಂದು ಐವಾಲಿಕ್ ಕಡೆಯ ಕರಾವಳಿಯಲ್ಲಿ ಇಳಿಸಿದರು. ಅಲ್ಲಿನವರಿಗೆ ಅವರು ಅರ್ಧ ಕಾಫಿರರು. ಇಬ್ಬರೂ ಎಷ್ಟು ನಂಬಿಕಸ್ಥರು ಅಂತ ಯಾವ ಅಧಿಕಾರಿಯೂ ಕೇಳಲಿಲ್ಲ. ಬಿಟ್ಟುಹೋದ ಮನೆ, ಆಲಿವ್ ತೋಟ, ಅಂಗಡಿಗಳನ್ನು ಮಾತ್ರ ಪಟ್ಟಿ ಮಾಡಿ ಹಂಚಲಾಯಿತು. ಭೌತಿಕವಾದದ ಕಣ್ಣು ಉಪಯೋಗಕ್ಕೆ ಬರುವುದು ಇಂಥ ಕಡೆ. ಧರ್ಮದ ಹೆಸರಲ್ಲಿ ಒಂದು ಗುಂಪು ಹೊರಗೆ ಹೋದಾಗ ಅವರ ನೆಲ ಯಾರ ಪಾಲಾಯಿತು, ಅವರ ವ್ಯಾಪಾರ ಯಾರಿಗೆ ಸಿಕ್ಕಿತು ಅಂತ ಅದು ಕೇಳುತ್ತದೆ.

ರಷ್ಯಾವನ್ನೂ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ಚರ್ಚುಗಳನ್ನು ಮುಚ್ಚಿಸಿ, ಪಾದ್ರಿಗಳನ್ನು ಕೊಲ್ಲಿಸಿದ ಸ್ಟಾಲಿನ್ 1943ರ ಸೆಪ್ಟೆಂಬರ್‌ನಲ್ಲಿ, ಯುದ್ಧದ ಮಧ್ಯೆ, ಮೂವರು ಹಿರಿಯ ಪಾದ್ರಿಗಳನ್ನು ಕ್ರೆಮ್ಲಿನ್‌ಗೆ ಕರೆಸಿ ಚರ್ಚಿನ ಮುಖ್ಯಸ್ಥನಾದ ಹೊಸ ಪೇಟ್ರಿಯಾರ್ಕ್ ಆಯ್ಕೆಗೆ ಒಪ್ಪಿಗೆ ಕೊಟ್ಟ. ಅವನಿಗೇನೂ ದೇವರ ಮೇಲೆ ಭಕ್ತಿ ಬಂದಿರಲಿಲ್ಲ. ದೇಶಕ್ಕಾಗಿ ಸಾಯುವ ಜನ ಬೇಕಿತ್ತು. ಇವತ್ತು ರಷ್ಯನ್ನರಲ್ಲಿ ಹತ್ತಕ್ಕೆ ಏಳು ಜನ ತಾವು ಆರ್ಥೊಡಾಕ್ಸ್ ಅನ್ನುತ್ತಾರೆ. ವಾರ ವಾರ ಚರ್ಚಿಗೆ ಹೋಗುವವರು ಹತ್ತರಲ್ಲಿ ಒಬ್ಬರೂ ಇಲ್ಲ. 2020ರಲ್ಲಿ ಮಾಸ್ಕೋ ಹತ್ತಿರ ಸೇನೆಗೆಂದೇ ದೊಡ್ಡ ಚರ್ಚು ಕಟ್ಟಿದರು. ಅದರ ಮೆಟ್ಟಿಲಿಗೆ ಎರಡನೇ ಮಹಾಯುದ್ಧದಲ್ಲಿ ವಶಪಡಿಸಿಕೊಂಡ ಜರ್ಮನ್ ಶಸ್ತ್ರಗಳ ಲೋಹ ಕರಗಿಸಿ ಹಾಕಿದ್ದಾರೆ.

ಹಾಗಾದರೆ ನಂಬಿಕೆಗೆ ಇದರಲ್ಲಿ ಪಾತ್ರವೇ ಇಲ್ಲವೇ? ಇದೆ. ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ಮಿತಿ ಹಾಕಿಕೊಳ್ಳಬೇಕು. ಸಾವರ್ಕರ್ ಅವರ ಒಣ ಲೆಕ್ಕಾಚಾರಕ್ಕೆ ಜನ ಓಗೊಡಲಿಲ್ಲ. ಅವರು ಅಧ್ಯಕ್ಷರಾಗಿದ್ದ ಹಿಂದೂ ಮಹಾಸಭಾ 1951-52ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಗೆದ್ದದ್ದು 4 ಸೀಟು. ಆ ವಿಚಾರಕ್ಕೆ ಮತಗಳ ಪ್ರವಾಹ ಬಂದದ್ದು ರಾಮಭಕ್ತಿ ಜೊತೆಗೂಡಿದ ಮೇಲೆ. 1989ರಲ್ಲಿ ಊರೂರಿನಿಂದ ಶ್ರೀರಾಮ ಎಂದು ಬರೆದ ಇಟ್ಟಿಗೆಗಳು ಪೂಜೆ ಮಾಡಿಸಿಕೊಂಡು ಅಯೋಧ್ಯೆಗೆ ಹೋದವು. 1990ರ ಸೆಪ್ಟೆಂಬರ್ 25ರಂದು ಸೋಮನಾಥದಿಂದ ರಥಯಾತ್ರೆ ಹೊರಟಿತು. 1984ರಲ್ಲಿ 2 ಸೀಟು ಗೆದ್ದಿದ್ದ ಬಿಜೆಪಿ 1989ರಲ್ಲಿ 85, 1991ರಲ್ಲಿ 120 ಗೆದ್ದಿತು. ಆ ಇಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದ ಹೆಂಗಸಿನ ಭಕ್ತಿ ಸುಳ್ಳಲ್ಲ. ಅದನ್ನು ಸುಳ್ಳು ಅನ್ನುವವರು ಜನರನ್ನು ಅರ್ಥ ಮಾಡಿಕೊಂಡಿಲ್ಲ. ಆದರೆ ಆ ಭಕ್ತಿಯನ್ನು ಎಲ್ಲಿಗೆ ಒಯ್ಯಬೇಕು ಅಂತ ತೀರ್ಮಾನಿಸಿದವರು ಬೇರೆ.

ಈ ಎರಡರ ನಡುವಿನ ಬಿರುಕು 2024ರ ಜನವರಿ 22ರಂದು ಎಲ್ಲರಿಗೂ ಕಂಡಿತು. ಅಯೋಧ್ಯೆಯಲ್ಲಿ ಬಾಲರಾಮನ ಪ್ರತಿಷ್ಠೆ. ಮೂರ್ತಿ ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್, ಕಲ್ಲು ನಮ್ಮ ಎಚ್.ಡಿ. ಕೋಟೆ ಕಡೆಯದು. ಕನ್ನಡಿಗರಿಗೆ ಹೆಮ್ಮೆ ಆಯಿತು, ಆಗಬೇಕಾದ್ದೇ. ಅದೇ ಹೊತ್ತಿಗೆ ಪುರಿ ಮತ್ತು ಜ್ಯೋತಿರ್ಮಠದ ಶಂಕರಾಚಾರ್ಯರು ತಾವು ಬರುವುದಿಲ್ಲ ಅಂದರು. ಗುಡಿ ಕಟ್ಟಿ ಮುಗಿಯುವ ಮುಂಚೆ ಪ್ರತಿಷ್ಠೆ ಮಾಡುವುದು ಶಾಸ್ತ್ರಕ್ಕೆ ಸರಿಯಲ್ಲ ಎಂಬುದು ಜ್ಯೋತಿರ್ಮಠದ ಆಕ್ಷೇಪ. ಶಾಸ್ತ್ರ ಹೇಳಬೇಕಾದವರು ಶಾಸ್ತ್ರ ಹೇಳಿದರು. ಕಾರ್ಯಕ್ರಮ ನಿಲ್ಲಲಿಲ್ಲ. ಟೀಕೆ ಬಂದದ್ದು ಶಂಕರಾಚಾರ್ಯರ ಮೇಲೆಯೇ. ಧರ್ಮದ ಹೆಸರು ಒಂದು ಸಲ ರಾಷ್ಟ್ರದ ಹೆಸರಾದರೆ ಧರ್ಮಗುರುವಿನ ಮಾತಿಗೂ ಅಲ್ಲಿ ಬೆಲೆ ಇರುವುದಿಲ್ಲ. ಆಸ್ತಿಕರು ಯೋಚಿಸಬೇಕಾದ ಸಂಗತಿ ಇದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಅದೇ ವರ್ಷದ ಜೂನ್‌ನಲ್ಲಿ ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರದಲ್ಲಿ ಬಿಜೆಪಿ ಸೋತಿತು. ಗೆದ್ದವರು ಸಮಾಜವಾದಿ ಪಕ್ಷದ ದಲಿತ ನಾಯಕ ಅವಧೇಶ್ ಪ್ರಸಾದ್. ಜಾತಿ ಲೆಕ್ಕಾಚಾರ, ಮೀಸಲಾತಿಯ ಭಯ ಕೆಲಸ ಮಾಡಿದವು. ರಸ್ತೆ ಅಗಲ ಮಾಡುವಾಗ ಹೋದ ಅಂಗಡಿ, ಮನೆಗಳ ಪರಿಹಾರದ ಸಿಟ್ಟೂ ಇತ್ತು. ಆ ಮತದಾರರು ರಾಮನನ್ನು ಬಿಟ್ಟವರಲ್ಲ. ದಿನಾ ಸರಯೂ ದಡದಲ್ಲಿ ದೀಪ ಹಚ್ಚುವ ಊರಿನವರು. ಮನೆಯಲ್ಲಿ ಪೂಜೆ ಮಾಡಿ, ಮತಗಟ್ಟೆಯಲ್ಲಿ ಅಂಗಡಿಯ ಲೆಕ್ಕ ನೋಡಿದರು. ಎರಡೂ ಒಬ್ಬನೇ ಮನುಷ್ಯನಲ್ಲಿ ಇರುತ್ತವೆ.

ಇದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. ಭಾರತ ಅಂದರೆ ಅಧ್ಯಾತ್ಮ, ಪಶ್ಚಿಮ ಅಂದರೆ ಭೋಗ ಅಂತ ಹೇಳುವಾಗ ಎಲ್ಲರೂ ವಿವೇಕಾನಂದರ ಹೆಸರು ತರುತ್ತಾರೆ. ಅದೇ ವಿವೇಕಾನಂದರು 1893ರ ಸೆಪ್ಟೆಂಬರ್ 20ರಂದು ಷಿಕಾಗೋದಲ್ಲಿ ಹೇಳಿದ್ದು, ನಮ್ಮ ಜನಕ್ಕೆ ಧರ್ಮ ಬೇಕಾದಷ್ಟಿದೆ, ಕೊರತೆ ಇರುವುದು ಅನ್ನಕ್ಕೆ ಎಂಬ ಅರ್ಥದ ಮಾತು. ಕಾವಿ ಉಟ್ಟವರು ಆಡಿದ ಭೌತಿಕ ಮಾತು ಅದು.

ದೇವರು, ಪರಲೋಕ ಒಪ್ಪದ ನಮ್ಮ ಹಳೆಯ ಭೌತಿಕವಾದಿಗಳಾದ ಚಾರ್ವಾಕರನ್ನು ನಾವು ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂದವರು ಅಂತ ಅಷ್ಟಕ್ಕೇ ಸೀಮಿತ ಮಾಡಿದ್ದೇವೆ. ಮಹಾಭಾರತದ ಶಾಂತಿಪರ್ವದಲ್ಲಿ ಚಾರ್ವಾಕ ಎಂಬ ಹೆಸರಿನವನೊಬ್ಬ ಬರುತ್ತಾನೆ. ಯುದ್ಧ ಗೆದ್ದು ಹಸ್ತಿನಾವತಿಗೆ ಬಂದ ಯುಧಿಷ್ಠಿರನಿಗೆ ಬ್ರಾಹ್ಮಣರೆಲ್ಲ ಆಶೀರ್ವಾದ ಮಾಡುತ್ತಿರುವಾಗ, ಬಂಧುಗಳನ್ನು ಕೊಂದ ನಿನಗೆ ಧಿಕ್ಕಾರ ಅನ್ನುತ್ತಾನೆ. ಅಲ್ಲಿದ್ದ ಬ್ರಾಹ್ಮಣರು ಹೂಂಕಾರದಿಂದಲೇ ಅವನನ್ನು ಸುಟ್ಟುಬಿಡುತ್ತಾರೆ. ಅವನು ವೇಷ ಹಾಕಿಕೊಂಡು ಬಂದ ರಾಕ್ಷಸ, ದುರ್ಯೋಧನನ ಗೆಳೆಯ ಅಂತ ಕಾವ್ಯ ಹೇಳುತ್ತದೆ. ಇರಲಿ. ಅವನು ಸತ್ತದ್ದು ದೇವರಿಲ್ಲ ಅಂದದ್ದಕ್ಕಲ್ಲ. ಗೆದ್ದ ರಾಜನ ಎದುರು ಸತ್ತವರ ಲೆಕ್ಕ ಕೇಳಿದ್ದಕ್ಕೆ.

ನಮ್ಮ ಕಾಲದ ವಿಚಾರವಾದಿಗಳಲ್ಲಿ ಈ ಗುಣ ಇದ್ದವರನ್ನು ನೋಡಿದರೆ ಸಾವರ್ಕರ್ ಅವರ ವಿಚಾರವಾದಕ್ಕೂ ಇವರದ್ದಕ್ಕೂ ಇರುವ ಅಂತರ ತಿಳಿಯುತ್ತದೆ. ಎಚ್. ನರಸಿಂಹಯ್ಯನವರು 1942ರಲ್ಲಿ ಜೈಲಿಗೆ ಹೋದವರು, ಬದುಕಿರುವ ತನಕ ಖಾದಿ ಉಟ್ಟವರು. ದೇಶಪ್ರೇಮದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಮಹಾರಾಷ್ಟ್ರದ ನರೇಂದ್ರ ದಾಭೋಲ್ಕರ್ 1989ರಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದರು. ದೇವರನ್ನು ನಂಬಬೇಡಿ ಅಂತ ಹೇಳುವುದು ನಮ್ಮ ಕೆಲಸವಲ್ಲ, ನಂಬಿಕೆಯ ಹೆಸರಲ್ಲಿ ಸುಲಿಯುವುದನ್ನು ತಡೆಯುವುದು ನಮ್ಮ ಕೆಲಸ ಎಂಬುದು ಅವರ ನಿಲುವು. ಸಾವರ್ಕರ್ ಕೂಡ ಮೂಢನಂಬಿಕೆ ಬೇಡ ಅಂದಿದ್ದರು, ದಾಭೋಲ್ಕರ್ ಕೂಡ ಅಂದರು. ಒಬ್ಬರಿಗೆ ಅದರಿಂದ ರಾಷ್ಟ್ರದ ಬಲ ಕುಗ್ಗುವ ಚಿಂತೆ. ಇನ್ನೊಬ್ಬರಿಗೆ ಮಂತ್ರವಾದಿಯ ಕೈಗೆ ಸಿಕ್ಕ ಹೆಂಗಸಿನ ಚಿಂತೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. 2024ರ ಮೇ ತಿಂಗಳಲ್ಲಿ ಗುಂಡು ಹಾರಿಸಿದ ಇಬ್ಬರಿಗೆ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು.

ಅವರು ಸತ್ತ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರದಲ್ಲಿ ಸುಗ್ರೀವಾಜ್ಞೆ ಬಂತು. ಕರ್ನಾಟಕದಲ್ಲಿ ಇಂಥದ್ದೇ ಮಸೂದೆಗೆ ಹಲವು ವರ್ಷ ಹಿಡಿಯಿತು. ಇದು ಹಿಂದೂ ವಿರೋಧಿ ಅಂತ ಗದ್ದಲ ಆಯಿತು. ಕೊನೆಗೆ 2017ರಲ್ಲಿ ಕಾಂಗ್ರೆಸ್ ಸರ್ಕಾರ ಪಾಸು ಮಾಡಿಸಿತು. ಮಡೆಸ್ನಾನ, ಬೆತ್ತಲೆ ಸೇವೆ, ಸಿಡಿಯಂಥವು ಅದರಡಿ ಅಪರಾಧ. ಪ್ರದಕ್ಷಿಣೆ, ಯಾತ್ರೆ, ಕೀರ್ತನೆಗಳಿಗೆ ತೊಂದರೆ ಇಲ್ಲ. ಅದನ್ನು ಜಾರಿಗೆ ತಂದದ್ದು 2020ರ ಜನವರಿಯಲ್ಲಿ, ಬಿಜೆಪಿ ಸರ್ಕಾರ ಇದ್ದಾಗ. ಅಷ್ಟು ಗದ್ದಲ ಆದ ಕಾನೂನನ್ನು ಅದೇ ಪಕ್ಷ ಯಾಕೆ ಜಾರಿ ಮಾಡಿತು ಅಂತ ಕೆಲವರಿಗೆ ಆಶ್ಚರ್ಯ. ನನಗೆ ಆಶ್ಚರ್ಯ ಆಗಲಿಲ್ಲ. ಮಡೆಸ್ನಾನ ಹೋದರೆ ಆ ರಾಜಕಾರಣಕ್ಕೆ ನಷ್ಟವೇನೂ ಇಲ್ಲ.

ಅದೇ 2020ರ ಜನವರಿಯಲ್ಲಿ, 10ನೇ ತಾರೀಖು, ಪೌರತ್ವ ತಿದ್ದುಪಡಿ ಕಾಯ್ದೆಯೂ ಜಾರಿಗೆ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ಪೌರತ್ವದ ದಾರಿ ತೆರೆಯುತ್ತದೆ. ಬಾಂಗ್ಲಾದೇಶದಲ್ಲಿ 2013ರಿಂದಲೇ ದೇವರನ್ನು ಪ್ರಶ್ನಿಸಿ ಬರೆದ ಬ್ಲಾಗರ್‌ಗಳನ್ನು ಮಚ್ಚಿನಿಂದ ಕೊಚ್ಚಿ ಕೊಲ್ಲಲಾಗುತ್ತಿತ್ತು. ಅಂಥ ಇಬ್ಬರು ನಾಸ್ತಿಕರು ಆಗ ಜೀವ ಉಳಿಸಿಕೊಳ್ಳಲು ಗಡಿ ದಾಟಿ ಇಲ್ಲಿಗೆ ಬಂದಿದ್ದರು ಅಂದುಕೊಳ್ಳಿ. ಇಬ್ಬರೂ ಬರೆದದ್ದು ಒಂದೇ ಮಾತು, ಇಬ್ಬರನ್ನೂ ಅಟ್ಟಿಸಿಕೊಂಡು ಬಂದವರೂ ಒಬ್ಬರೇ. ಹಿಂದೂ ಮನೆಯಲ್ಲಿ ಹುಟ್ಟಿದವನಿಗೆ ಈ ಕಾಯ್ದೆಯಲ್ಲಿ ಜಾಗ ಇದೆ. ಮುಸ್ಲಿಮ್ ಮನೆಯಲ್ಲಿ ಹುಟ್ಟಿದವನಿಗೆ ಇಲ್ಲ.